ಪಹಣಿಯಲ್ಲಿ ‘ಪಿತ್ರಾರ್ಜಿತ’ ಎಂದಿದ್ದರೆ ಸಾಕೆ?

ಗೊರೇಬಾಳ (ಸಿಂಧನೂರು): ಹೊಲದ ಪಹಣಿಯನ್ನು ಕೈಗೆತ್ತಿಕೊಂಡು ನೋಡಿದರೆ ಒಡೆಯನ ಹೆಸರಿನ ಬಳಿ ಹಕ್ಕು ಬಂದ ಬಗೆಯನ್ನು ತಿಳಿಸುವ ಒಂದು ಅಂಕಣವಿದೆ. ಅದರಲ್ಲಿ ಕೆಲವರಿಗೆ ‘ಕ್ರಯ’ ಎಂದೂ, ಕೆಲವರಿಗೆ ‘ಪೌತಿ’ ಎಂದೂ, ಕೆಲವರಿಗೆ ‘ವಿಭಾಗ’ ಎಂದೂ ಬರೆದಿರುತ್ತದೆ. ಅನೇಕರಿಗೆ ಬರೆದಿರುವುದು ‘ಪಿತ್ರಾರ್ಜಿತ’ ಎಂಬ ಒಂದೇ ಪದ. ನಾಲ್ಕಕ್ಷರದ ಈ ವಿಶೇಷಣವನ್ನು ನಂಬಿ ಹೊಲ ಮಾರಿದವರಿದ್ದಾರೆ, ಕೊಂಡವರಿದ್ದಾರೆ, ತಮಗೆ ಪಾಲಿಲ್ಲವೆಂದು ಸುಮ್ಮನಾದ ಹೆಣ್ಣುಮಕ್ಕಳೂ ಇದ್ದಾರೆ. ಆದರೆ ಪಹಣಿಯ ‘ಪಿತ್ರಾರ್ಜಿತ’ವೂ ನ್ಯಾಯಾಲಯದ ‘ಪಿತ್ರಾರ್ಜಿತ’ವೂ ಒಂದೇ ಅಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಇಟ್ಟ ಒಂದು ಸಹಿ ಎರಡು ತಲೆಮಾರುಗಳ ವ್ಯಾಜ್ಯಕ್ಕೆ ಕಾರಣವಾಗಬಲ್ಲದು.

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ತುಂಗಭದ್ರಾ ಜಲಾಶಯ 1953ರಲ್ಲಿ ಸಿದ್ಧವಾದ ನಂತರ ಎಡದಂಡೆ ಕಾಲುವೆಯ ನೀರು ಸಿಂಧನೂರು ಭಾಗಕ್ಕೆ ಬಂದಿತು. ಜೋಳ ಬೆಳೆಯುತ್ತಿದ್ದ ಒಣ ಬೇಸಾಯದ ಭೂಮಿ ಭತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪ್‌ಗಳಲ್ಲಿ ನೆಲೆಸಿದರು. ಅಜ್ಜನ ಕಾಲದಲ್ಲಿ ಯಾರೂ ಕೇಳದಿದ್ದ ಎಕರೆಗೆ ಮೊಮ್ಮಕ್ಕಳ ಕಾಲದಲ್ಲಿ ಬೆಲೆ ಬಂದಿತು. ಬೆಲೆ ಬಂದ ಮೇಲೆ ಅದು ಯಾರದು ಎಂಬ ಪ್ರಶ್ನೆಯೂ ಬಂದಿತು.

ಪದ ಹೇಳುವುದು ಒಂದು, ಕಾನೂನು ಹೇಳುವುದು ಇನ್ನೊಂದು

ಪಿತೃ ಎಂದರೆ ತಂದೆ. ಆರ್ಜಿತ ಎಂದರೆ ಗಳಿಸಿದ್ದು. ಎರಡೂ ಕೂಡಿ ಪಿತ್ರಾರ್ಜಿತ. ಪದವನ್ನು ಬಿಡಿಸಿ ನೋಡಿದರೆ ‘ತಂದೆ ಗಳಿಸಿದ್ದು’ ಎಂದೇ ಅರ್ಥ. ತೊಂದರೆ ಆರಂಭವಾಗುವುದು ಇಲ್ಲಿಂದಲೇ. ತಂದೆ ಸ್ವತಃ ದುಡಿದು, ತನ್ನ ಹಣದಿಂದ ಕೊಂಡ ಹೊಲವು ಕಾನೂನಿನ ದೃಷ್ಟಿಯಲ್ಲಿ ಪಿತ್ರಾರ್ಜಿತವಲ್ಲ. ಅದು ತಂದೆಯ ಸ್ವಯಾರ್ಜಿತ. ಅದರ ಮೇಲೆ ಅವನು ಬದುಕಿರುವವರೆಗೆ ಮಗನಿಗಾಗಲಿ ಮಗಳಿಗಾಗಲಿ ಯಾವ ಹಕ್ಕೂ ಇಲ್ಲ.

ನ್ಯಾಯಾಲಯಗಳು ಪಿತ್ರಾರ್ಜಿತ ಎಂದು ಕರೆಯುವುದು ತಂದೆ, ಅಜ್ಜ ಅಥವಾ ಮುತ್ತಜ್ಜನಿಂದ, ಅಂದರೆ ಗಂಡು ಸಂತತಿಯ ಸಾಲಿನಲ್ಲಿ, ಪಾಲಾಗದೆ ಇಳಿದುಬಂದ ಸ್ವತ್ತನ್ನು. ಇದರ ಮುಖ್ಯ ಲಕ್ಷಣ ಜನ್ಮಸಿದ್ಧ ಹಕ್ಕು. ಮಗು ಹುಟ್ಟಿದ ಕ್ಷಣದಿಂದಲೇ ಆ ಸ್ವತ್ತಿನಲ್ಲಿ ಪಾಲುದಾರನಾಗುತ್ತದೆ; ತಂದೆಯ ಮರಣಕ್ಕೆ ಕಾಯಬೇಕಾಗಿಲ್ಲ. ತಾಯಿಯಿಂದ ಬಂದದ್ದು, ತಾಯಿಯ ತಂದೆಯಿಂದ ಬಂದದ್ದು, ಸ್ನೇಹಿತರು ದಾನ ಕೊಟ್ಟದ್ದು ಈ ವರ್ಗಕ್ಕೆ ಸೇರುವುದಿಲ್ಲ. ತಾಯಿಯ ತಂದೆಯ ಆಸ್ತಿ ಪಿತ್ರಾರ್ಜಿತವಲ್ಲವೆಂದು ಪ್ರಿವಿ ಕೌನ್ಸಿಲ್ 1937ರಲ್ಲಿಯೇ ತೀರ್ಮಾನಿಸಿತ್ತು.

ಈ ಭಾಗದಲ್ಲಿ 1948ರವರೆಗೆ ನಿಜಾಮರ ಆಡಳಿತವಿದ್ದಾಗ ಕಚೇರಿಯ ಭಾಷೆ ಉರ್ದುವಾಗಿತ್ತು. ಉರ್ದು ದಸ್ತಾವೇಜುಗಳಲ್ಲಿ ಇಂತಹ ಆಸ್ತಿಗೆ ‘ಜದ್ದಿ’ ಎಂಬ ಪದವಿದೆ. ಜದ್ ಎಂದರೆ ಅಜ್ಜ, ಪೂರ್ವಜ. ಅಂದರೆ ಉರ್ದು ಪದ ಅಜ್ಜನನ್ನು ನೆನೆಯುತ್ತದೆ. ಕನ್ನಡದ ಪದ ಅಪ್ಪನಲ್ಲಿಗೇ ನಿಲ್ಲುತ್ತದೆ. ಕಾನೂನಿನ ಅರ್ಥಕ್ಕೆ ಹತ್ತಿರವಿರುವುದು ಅಜ್ಜನನ್ನು ನೆನೆಯುವ ಪದವೇ.

ಕಲ್ಯಾಣದಲ್ಲಿ ಹುಟ್ಟಿದ ಕಾನೂನು

ಜನ್ಮಸಿದ್ಧ ಹಕ್ಕಿನ ಈ ತತ್ವ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (ಆಳ್ವಿಕೆ 1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರ’. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಂಗಾಳದಲ್ಲಿ ಜೀಮೂತವಾಹನನ ‘ದಾಯಭಾಗ’ ಪದ್ಧತಿ ನಡೆಯಿತು. ಅದರಲ್ಲಿ ತಂದೆ ಸತ್ತ ಮೇಲಷ್ಟೇ ಮಕ್ಕಳಿಗೆ ಹಕ್ಕು. ಭಾರತದ ಉಳಿದ ಬಹುಭಾಗ ಒಪ್ಪಿಕೊಂಡದ್ದು ಮಿತಾಕ್ಷರದ ಜನ್ಮಸಿದ್ಧ ಹಕ್ಕನ್ನು.

ಗಮನಿಸಬೇಕಾದ ಅಂಶವೆಂದರೆ, ಯಾಜ್ಞವಲ್ಕ್ಯ ಸ್ಮೃತಿಯು ತಂದೆಗೂ ಮಗನಿಗೂ ಸಮಾನ ಒಡೆತನವನ್ನು ಹೇಳುವುದು ಅಜ್ಜನಿಂದ ಬಂದ ಭೂಮಿಯ ವಿಷಯದಲ್ಲಿ. ತಂದೆಯೇ ಗಳಿಸಿದ ಸ್ವತ್ತಿನ ಮಾತು ಬೇರೆ. ಹೀಗೆ ಹಳೆಯ ಶಾಸ್ತ್ರವೂ ಇಂದಿನ ನ್ಯಾಯಾಲಯವೂ ಮಾಡುವ ಭೇದವನ್ನು ನಮ್ಮ ದಿನಬಳಕೆಯ ಪದ ಅಳಿಸಿಹಾಕಿದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಬಹುಚರ್ಚಿತ 6ನೇ ಕಲಮು ಸಹ ಪಿತ್ರಾರ್ಜಿತ ಎಂಬ ವಿಶೇಷಣವನ್ನು ಅವಲಂಬಿಸಿಲ್ಲ. ಅದು ಹೇಳುವುದು ಸಹದಾಯಾದಿ ಸ್ವತ್ತಿನ ಬಗ್ಗೆ. ಹುಟ್ಟಿನಿಂದಲೇ ಪಾಲಿನ ಹಕ್ಕು ಪಡೆದವರು ಸಹದಾಯಾದಿಗಳು. ಜನರ ಬಾಯಲ್ಲಿ ಮತ್ತು ಪಹಣಿಯಲ್ಲಿ ಆ ಸ್ಥಾನವನ್ನು ಪಿತ್ರಾರ್ಜಿತ ಎಂಬ ಪದ ಆಕ್ರಮಿಸಿಕೊಂಡಿದೆ.

ಹನ್ನೆರಡು ಎಕರೆಯ ಲೆಕ್ಕ

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಗೊರೇಬಾಳದ ರೈತನೊಬ್ಬನಿಗೆ 12 ಎಕರೆ ಜಮೀನು, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಹೆಂಡತಿ ಮೊದಲೇ ತೀರಿಕೊಂಡಿದ್ದಾಳೆ, ತಾಯಿಯೂ ಇಲ್ಲ. ರೈತನು ಉಯಿಲು ಬರೆಯದೆ 1980ರಲ್ಲಿ ಮರಣ ಹೊಂದಿದನು.

ಆ 12 ಎಕರೆ ಅವನೇ ಕೊಂಡದ್ದಾಗಿದ್ದರೆ, ಅಂದರೆ ಸ್ವಯಾರ್ಜಿತವಾಗಿದ್ದರೆ, 1956ರ ಕಾಯ್ದೆಯ 8ನೇ ಕಲಮಿನಂತೆ ಮೂವರು ಮಕ್ಕಳಿಗೂ ತಲಾ 4 ಎಕರೆ. ಹೆಣ್ಣುಮಕ್ಕಳ ಮದುವೆ ಆಗಿದೆಯೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಾನ ಪಾಲು ಕಾಯ್ದೆ ಜಾರಿಯಾದ 1956ರ ಜೂನ್ 17ರಿಂದಲೇ ಇದೆ. ‘ಮದುವೆ ಮಾಡಿಕೊಟ್ಟಾಯಿತು, ಇನ್ನೇನು ಪಾಲು?’ ಎಂಬ ಮಾತಿಗೆ ಈ ಆಸ್ತಿಯಲ್ಲಿ ಕಾನೂನಿನ ಬೆಂಬಲ ಅಂದಿನಿಂದ ಎಂದೂ ಇರಲಿಲ್ಲ.

ಅದೇ 12 ಎಕರೆ ಅಜ್ಜ, ಮುತ್ತಜ್ಜನಿಂದ ಬಂದ ಸಹದಾಯಾದಿ ಸ್ವತ್ತಾಗಿದ್ದರೆ ಅಂದಿನ ಲೆಕ್ಕ ಬೇರೆ. ತಂದೆ ಸಾಯುವ ಮುನ್ನ ಪಾಲಾಗಿತ್ತೆಂದು ಕಲ್ಪಿಸಿಕೊಂಡು ತಂದೆಗೆ 6, ಮಗನಿಗೆ 6 ಎಕರೆ ಎಂದು ಗುರುತಿಸಲಾಗುತ್ತಿತ್ತು. ನಂತರ ತಂದೆಯ 6 ಎಕರೆಯನ್ನು ಮಾತ್ರ ಮೂವರಿಗೂ ಹಂಚಲಾಗುತ್ತಿತ್ತು. ಮಗನಿಗೆ ಒಟ್ಟು 8 ಎಕರೆ, ಪ್ರತಿ ಮಗಳಿಗೆ 2 ಎಕರೆ. ಒಂದು ವಿಶೇಷಣ ಬದಲಾದರೆ ಮಗಳ ಪಾಲು ಅರ್ಧಕ್ಕೆ ಇಳಿಯುತ್ತಿತ್ತು.

ಕಾನೂನು ಬದಲಾದ ಬಗೆ

ಈ ತಾರತಮ್ಯವನ್ನು ನಿವಾರಿಸಲು ಕರ್ನಾಟಕವು ಕೇಂದ್ರಕ್ಕಿಂತ ಮೊದಲೇ ತಿದ್ದುಪಡಿ ತಂದಿತು. 1994ರ ಜುಲೈ 30ರಂದು ಜಾರಿಗೆ ಬಂದ ರಾಜ್ಯ ತಿದ್ದುಪಡಿ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದ ಸಹದಾಯಾದಿಗಳೆಂದು ಒಪ್ಪಿತು. ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ ಅಕ್ಕನಿಗೆ ಪಾಲಿಲ್ಲ, ತಂಗಿಗೆ ಇದೆ ಎಂಬ ಸ್ಥಿತಿ ಉಂಟಾಯಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ವಿವಾಹಿತ, ಅವಿವಾಹಿತ ಎಂಬ ಭೇದವಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ನೀಡಿತು. ಕುಟುಂಬದ ವಾಸದ ಮನೆಯಲ್ಲಿ ಪಾಲು ಕೇಳಲು ಹೆಣ್ಣುಮಕ್ಕಳಿಗಿದ್ದ ನಿರ್ಬಂಧವೂ, ಅಂದರೆ 23ನೇ ಕಲಮು, ಆಗಲೇ ರದ್ದಾಯಿತು.

ಆನಂತರ ಎದ್ದ ಪ್ರಶ್ನೆ: 2005ಕ್ಕೆ ಮೊದಲೇ ತಂದೆ ಸತ್ತಿದ್ದರೆ ಮಗಳ ಗತಿಯೇನು? ಇದನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದ ಎರಡು ಮುಖ್ಯ ವ್ಯಾಜ್ಯಗಳು ಕರ್ನಾಟಕದವು. ಬೆಳಗಾವಿಯ ನ್ಯಾಯಾಲಯದಲ್ಲಿ 1992ರಲ್ಲಿ ಆರಂಭವಾದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ, 2005ರ ಸೆಪ್ಟೆಂಬರ್ 9ರಂದು ತಂದೆಯೂ ಮಗಳೂ ಬದುಕಿರಬೇಕೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ದಾನಮ್ಮ ವಿರುದ್ಧ ಅಮರ್ ಪ್ರಕರಣದಲ್ಲಿ ತಂದೆ 2001ರಲ್ಲಿಯೇ ಮೃತರಾಗಿದ್ದರೂ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವಂತೆ 2018ರಲ್ಲಿ ತೀರ್ಪಿತ್ತಿತು. ಎರಡೂ ತೀರ್ಪುಗಳು ಒಂದಕ್ಕೊಂದು ಹೊಂದಲಿಲ್ಲ. ಕೊನೆಗೆ ವಿನೀತಾ ಶರ್ಮಾ ವಿರುದ್ಧ ರಾಕೇಶ್ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು 2020ರ ಆಗಸ್ಟ್ 11ರಂದು ಗೊಂದಲಕ್ಕೆ ತೆರೆ ಎಳೆಯಿತು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು. 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ. 1956ರ ಕಾಯ್ದೆಯ ಕಲ್ಪಿತ ಪಾಲು ನಿಜವಾದ ಪಾಲಲ್ಲ ಎಂದು ಪೀಠ ಸ್ಪಷ್ಟಪಡಿಸಿತು.

ಹೀಗಾಗಿ ನಮ್ಮ ಉದಾಹರಣೆಯ 12 ಎಕರೆ ಇಂದಿಗೂ ನಿಜವಾಗಿ ಪಾಲಾಗದೆ ಉಳಿದಿದ್ದರೆ, ಪಿತ್ರಾರ್ಜಿತವಾಗಿದ್ದರೂ ಮೂವರಿಗೂ ತಲಾ 4 ಎಕರೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಪಾಲಾಗಿದ್ದರೆ ಅದನ್ನು ಕದಲಿಸಲಾಗದು. ಅದೇ ದಿನಾಂಕಕ್ಕೆ ಮೊದಲು ಮಾರಾಟವಾಗಿದ್ದರೂ ತಿದ್ದುಪಡಿ ಅದನ್ನು ಮುಟ್ಟುವುದಿಲ್ಲ. ಹಳ್ಳಿಗಳಲ್ಲಿ ಹಿರಿಯರ ಎದುರಿಗೆ ಬಾಯಿ ಮಾತಿನಲ್ಲಿ ಆದ ವಾಟ್ನಿಯನ್ನು ಮುಂದೊಡ್ಡಿ ಹೆಣ್ಣುಮಕ್ಕಳ ಹಕ್ಕನ್ನು ಸುಲಭವಾಗಿ ತಪ್ಪಿಸಲಾಗದು. ಸರ್ಕಾರಿ ದಾಖಲೆಗಳ ಬಲವಾದ ಆಧಾರವಿದ್ದರೆ ಮಾತ್ರ, ಅದೂ ಅಪರೂಪಕ್ಕೆ, ಅಂತಹ ಪಾಲನ್ನು ಒಪ್ಪಬಹುದೆಂದು ಅದೇ ತೀರ್ಪು ಎಚ್ಚರಿಸಿದೆ.

ಹಾಗಾದರೆ ವಿಶೇಷಣಕ್ಕೆ ಈಗ ಬೆಲೆಯಿಲ್ಲವೆ?

ಎರಡೂ ಬಗೆಯಲ್ಲಿ ಮಗಳಿಗೆ 4 ಎಕರೆ ಸಿಗುವುದಾದರೆ ಪದದ ಚರ್ಚೆ ಏಕೆ ಎಂದು ಕೇಳಬಹುದು. ತಂದೆ ಉಯಿಲು, ದಾನಪತ್ರ ಅಥವಾ ಕ್ರಯಪತ್ರ ಬರೆದಿದ್ದರೆ ಪದದ ಬೆಲೆ ತಿಳಿಯುತ್ತದೆ. ಸ್ವಯಾರ್ಜಿತ ಹೊಲವನ್ನು ತಂದೆ ತನ್ನ ಇಷ್ಟದಂತೆ ಯಾರಿಗೆ ಬೇಕಾದರೂ ಬರೆದುಕೊಡಬಹುದು. ಹನ್ನೆರಡೂ ಎಕರೆಯನ್ನು ಒಬ್ಬ ಮಗನಿಗೇ ಉಯಿಲು ಮಾಡಿದರೂ ಉಳಿದ ಮಕ್ಕಳು ‘ಅಪ್ಪನ ಆಸ್ತಿ, ನಮ್ಮ ಹುಟ್ಟಿನ ಹಕ್ಕು’ ಎಂದು ತಡೆಯಲಾಗದು. ಪಿತ್ರಾರ್ಜಿತ ಹೊಲದಲ್ಲಿ ಅವನು ಉಯಿಲಿನಿಂದ ಕೊಡಬಹುದಾದದ್ದು ತನ್ನ ಪಾಲನ್ನು ಮಾತ್ರ. ಮಕ್ಕಳ ಪಾಲು ಅವನದಲ್ಲ.

ಮಾರಾಟದಲ್ಲಿಯೂ ಇದೇ ಭೇದ. ಕುಟುಂಬದ ಯಜಮಾನನು ಪಿತ್ರಾರ್ಜಿತ ಭೂಮಿಯನ್ನು ಮಾರಬೇಕಾದರೆ ಮನೆತನದ ನಿಜವಾದ ಅವಶ್ಯಕತೆ ಇರಬೇಕು. ಸಾಲ ತೀರುವಳಿ, ಮದುವೆ, ಔಷಧೋಪಚಾರ ಮೊದಲಾದವು ಇದರಲ್ಲಿ ಬರುತ್ತವೆ. ಅವಶ್ಯಕತೆ ಇತ್ತೆಂದು ತೋರಿಸುವ ಹೊಣೆ ಸಾಮಾನ್ಯವಾಗಿ ಕೊಂಡವನ ಮೇಲೆ ಬೀಳುತ್ತದೆ. ತಂದೆ ಮಾಡಿದ ಇಂತಹ ಮಾರಾಟವನ್ನು ಪ್ರಶ್ನಿಸಲು 1963ರ ಕಾಲಮಿತಿ ಕಾಯ್ದೆಯ 109ನೇ ವಿಧಿಯು, ಕೊಂಡವನು ಸ್ವಾಧೀನ ಪಡೆದ ದಿನದಿಂದ 12 ವರ್ಷಗಳ ಅವಕಾಶ ಕೊಟ್ಟಿದೆ. ಆದ್ದರಿಂದಲೇ ತಿಳಿದವರು ಹೊಲ ಕೊಳ್ಳುವಾಗ ಮಾರುವವನ ಮಕ್ಕಳೆಲ್ಲರ ಸಹಿ ಕೇಳುತ್ತಾರೆ. ಹೆಣ್ಣುಮಕ್ಕಳ ಸಹಿಯನ್ನು ಬಿಟ್ಟು ಗಂಡುಮಕ್ಕಳ ಸಹಿ ಮಾತ್ರ ಪಡೆದವರು ಅರ್ಧ ಎಚ್ಚರಿಕೆ ವಹಿಸಿದಂತೆ.

ಮೊಮ್ಮಕ್ಕಳ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಹೆಚ್ಚು. ಅಜ್ಜ ಸ್ವಂತ ಹಣದಿಂದ ಕೊಂಡ ಹೊಲವು 1956ರ ನಂತರ, ಉಯಿಲಿಲ್ಲದೆ, ತಂದೆಗೆ ಬಂದಿದ್ದರೆ ಅದು ತಂದೆಯ ಕೈಯಲ್ಲಿ ಅವನ ಸ್ವಂತ ಆಸ್ತಿಯೇ. ಮೊಮ್ಮಗನಿಗೆ ಅದರಲ್ಲಿ ಹುಟ್ಟಿನ ಹಕ್ಕಿಲ್ಲ. 1986ರ ಚಂದರ್ ಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ತತ್ವವನ್ನು ನಿಗದಿಪಡಿಸಿತು. ಅಜ್ಜನ ಹೆಸರು ಹಳೆಯ ಪಹಣಿಯಲ್ಲಿದೆ ಎಂಬ ಒಂದೇ ಕಾರಣದಿಂದ ತಂದೆಯ ವಿರುದ್ಧ ಪಾಲಿನ ದಾವೆ ಹೂಡುವವರು ಮೊದಲು ಈ ಅಂಶವನ್ನು ವಿಚಾರಿಸುವುದು ಲೇಸು.

ಪಹಣಿ ಏನು ಹೇಳುತ್ತದೆ?

ಮೇಲಿನ ಉದಾಹರಣೆಗಳನ್ನು ಪಹಣಿಯ ಅಂಕಣಕ್ಕೆ ಹೋಲಿಸಿದರೆ ತೊಡಕು ಸ್ಪಷ್ಟವಾಗುತ್ತದೆ. ತಂದೆ ಕೊಂಡ ಹೊಲ ಅವನ ಮರಣದ ನಂತರ ಮಗನ ಹೆಸರಿಗೆ ಬಂದಾಗ ‘ಪಿತ್ರಾರ್ಜಿತ’ ಎಂದು ದಾಖಲಾಗಿರಬಹುದು. ಕಾನೂನಿನಲ್ಲಿ ಅದು ಪಿತ್ರಾರ್ಜಿತವಲ್ಲ. ಮುತ್ತಜ್ಜನ ಹೊಲದಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡಾಗ ‘ವಿಭಾಗ’ ಎಂದು ದಾಖಲಾಗಿರಬಹುದು. ಆ ಪಾಲು ಅವರವರ ಮಕ್ಕಳ ಮಟ್ಟಿಗೆ ಪಿತ್ರಾರ್ಜಿತವಾಗಿಯೇ ಮುಂದುವರಿಯುತ್ತದೆ. ಪದ ಇರುವಲ್ಲಿ ಹಕ್ಕಿಲ್ಲ, ಹಕ್ಕಿರುವಲ್ಲಿ ಪದವಿಲ್ಲ.

1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಮಿನಂತೆ ಹಕ್ಕು ದಾಖಲೆಯ ನಮೂದು, ತಪ್ಪೆಂದು ರುಜುವಾತಾಗುವವರೆಗೆ, ಸರಿಯೆಂದು ಭಾವಿಸತಕ್ಕದ್ದು. ಅಂದರೆ ಅದು ಅಲ್ಲಗಳೆಯಬಹುದಾದ ಸಾಕ್ಷ್ಯ. ಕಂದಾಯ ದಾಖಲೆಯ ನಮೂದು ಒಡೆತನವನ್ನು ಹುಟ್ಟಿಸುವುದೂ ಇಲ್ಲ, ಕಳೆಯುವುದೂ ಇಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಪೌತಿ ಖಾತೆ ಅಣ್ಣನೊಬ್ಬನ ಹೆಸರಿಗೆ ಆಯಿತೆಂದರೆ ತಂಗಿಯ ಪಾಲು ಹೋಯಿತೆಂದು ಅರ್ಥವಲ್ಲ.

ಕುಟುಂಬ ಒಟ್ಟಾಗಿದೆ ಎಂದ ಮಾತ್ರಕ್ಕೆ ಅದರ ಸದಸ್ಯನ ಹೆಸರಿನ ಆಸ್ತಿಯೆಲ್ಲ ಕುಟುಂಬದ್ದೆಂದೂ ಭಾವಿಸಲಾಗದು. ಒಟ್ಟು ಕುಟುಂಬಕ್ಕೆ ಮೂಲ ಆಸ್ತಿ ಇತ್ತು, ಅದರ ಉತ್ಪನ್ನದಿಂದ ಹೊಸ ಹೊಲ ಕೊಳ್ಳುವಷ್ಟು ಆದಾಯ ಬರುತ್ತಿತ್ತು ಎಂಬುದನ್ನು ಪಾಲು ಕೇಳುವವರು ಮೊದಲು ತೋರಿಸಬೇಕು. ಅದು ರುಜುವಾತಾದರೆ, ತನ್ನ ಸ್ವಂತ ದುಡಿಮೆಯಿಂದಲೇ ಕೊಂಡೆನೆಂದು ತೋರಿಸುವ ಹೊಣೆ ಕೊಂಡವನಿಗೆ ವರ್ಗವಾಗುತ್ತದೆ. 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಈ ನಿಯಮ ಇಂದಿಗೂ ನಡೆಯುತ್ತಿದೆ. ನಾಲ್ಕು ಎಕರೆ ಒಣ ಭೂಮಿಯ ಆದಾಯದಿಂದ ಹತ್ತು ಎಕರೆ ಗದ್ದೆ ಕೊಳ್ಳಲು ಸಾಧ್ಯವಿತ್ತೆ ಎಂಬುದು ಹೀಗೆ ಕೋರ್ಟಿನ ಪ್ರಶ್ನೆಯಾಗುತ್ತದೆ.

ಯಾರಿಗೆ ಅನ್ವಯ, ಯಾರಿಗೆ ಇಲ್ಲ

ಈ ಕಾನೂನು ಹಿಂದೂಗಳಿಗೆ ಅನ್ವಯಿಸುತ್ತದೆ. ವೀರಶೈವರು, ಲಿಂಗಾಯತರು ಇದರಲ್ಲಿ ಸೇರಿದ್ದಾರೆಂದು ಕಾಯ್ದೆಯ 2ನೇ ಕಲಮು ಹೆಸರಿಸಿಯೇ ಹೇಳಿದೆ. ಬೌದ್ಧರು, ಜೈನರು, ಸಿಖ್ಖರೂ ಸೇರುತ್ತಾರೆ. ಮುಸ್ಲಿಮರಲ್ಲಿ ಮತ್ತು ಕ್ರೈಸ್ತರಲ್ಲಿ ಹುಟ್ಟಿನಿಂದ ಬರುವ ಹಕ್ಕು ಎಂಬುದೇ ಇಲ್ಲ. ಆದ್ದರಿಂದ ಅವರ ಪಹಣಿಯಲ್ಲಿ ಪಿತ್ರಾರ್ಜಿತ ಎಂದಿದ್ದರೂ ಅದು ಆಸ್ತಿ ಬಂದ ದಾರಿಯನ್ನಷ್ಟೇ ಹೇಳುತ್ತದೆ.

ರಾಯಚೂರು ಜಿಲ್ಲೆಯ ಓದುಗರು ಮರೆಯಬಾರದ ಇನ್ನೊಂದು ಅಂಶವಿದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಪರಿಶಿಷ್ಟ ಪಂಗಡಗಳಿಗೆ ಅನ್ವಯವಾಗದೆಂದು ಅದೇ 2ನೇ ಕಲಮಿನ ಎರಡನೇ ಉಪಕಲಮು ಹೇಳುತ್ತದೆ. ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳು ಇದರಿಂದ ವಂಚಿತರಾಗುತ್ತಿರುವುದನ್ನು ಗಮನಿಸಿದ ಸುಪ್ರೀಂ ಕೋರ್ಟ್, ಈ ವಿನಾಯಿತಿಯನ್ನು ಮರುಪರಿಶೀಲಿಸುವಂತೆ 2022ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಸೂಚಿಸಿತು. ವಾಲ್ಮೀಕಿ ನಾಯಕ ಸಮುದಾಯದವರು ಗಣನೀಯ ಸಂಖ್ಯೆಯಲ್ಲಿರುವ ಈ ಭಾಗದಲ್ಲಿ, ಪಾಲಿನ ಪ್ರಶ್ನೆ ಬಂದಾಗ ವಕೀಲರನ್ನು ಮೊದಲು ಕೇಳಬೇಕಾದದ್ದು ಇದನ್ನೇ.

ಸಹಿ ಹಾಕುವ ಮುನ್ನ

ತವರಿಗೆ ಕರೆಸಿ, ಉಡಿ ತುಂಬಿ, ಸೀರೆ ಕೊಟ್ಟು, ‘ಕಾಗದಕ್ಕೊಂದು ಸಹಿ ಹಾಕವ್ವಾ’ ಎನ್ನುವ ರೂಢಿ ನಮ್ಮ ಕಡೆ ಹೊಸದಲ್ಲ. ಆ ಕಾಗದ ಬಹುಮಟ್ಟಿಗೆ ಹಕ್ಕು ಬಿಡುಗಡೆ ಪತ್ರವಾಗಿರುತ್ತದೆ. ಪ್ರೀತಿಯಿಂದ ಪಾಲು ಬಿಟ್ಟುಕೊಡುವುದು ಆಕೆಯ ಸ್ವಾತಂತ್ರ್ಯ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂಬುದು ಆಕೆಗೆ ತಿಳಿದಿರಬೇಕು. ಸ್ಥಿರಾಸ್ತಿಯ ಹಕ್ಕು ಬಿಡುಗಡೆಗೆ ನೋಂದಣಿ ಕಡ್ಡಾಯ. ಬಾಂಡ್ ಪೇಪರಿನ ಮೇಲೆ ಬರೆದಿಟ್ಟುಕೊಂಡ ನೋಂದಾಯಿಸದ ಪತ್ರದಿಂದ ಹಕ್ಕು ಹೋಗುವುದಿಲ್ಲ. ನೋಂದಣಿಯಾದ ಮೇಲೆ ಅದನ್ನು ಹಿಂಪಡೆಯುವುದು ಬಹು ಕಷ್ಟ.

ಆದುದರಿಂದ ಪಹಣಿಯ ಒಂದು ಪದವನ್ನು ನೋಡಿ ತೀರ್ಮಾನಕ್ಕೆ ಬರುವುದಕ್ಕಿಂತ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಮೇಲು. ಈ ಹೊಲವನ್ನು ಮೊದಲು ಸಂಪಾದಿಸಿದವರು ಯಾರು? ಅವರು ಯಾವ ವರ್ಷ ತೀರಿಕೊಂಡರು, 1956ಕ್ಕೆ ಮೊದಲೋ ನಂತರವೋ? ಉಯಿಲು ಅಥವಾ ದಾನಪತ್ರ ಇದೆಯೇ? 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪಾಲುಪಟ್ಟಿ ಅಥವಾ ಡಿಕ್ರಿ ಆಗಿದೆಯೇ? ಹೈದರಾಬಾದ್ ರಾಜ್ಯದ ಕಾಲದ ಖಾಸ್ರಾ ಪಹಣಿ, ಹಕ್ಕು ಬದಲಾವಣೆಯ ವಹಿ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ, ಮರಣ ಪ್ರಮಾಣಪತ್ರ ಇವುಗಳನ್ನು ಮುಂದಿಟ್ಟುಕೊಂಡರೆ ಬಹುತೇಕ ಉತ್ತರ ದೊರೆಯುತ್ತದೆ.

ಪಿತ್ರಾರ್ಜಿತ ಎಂಬುದು ಹೊಲದ ಗುಣವಲ್ಲ. ಅದು ಆ ಹೊಲ ಕೈಯಿಂದ ಕೈಗೆ ಬಂದ ಕಥೆಗೆ ಕಾನೂನು ಕೊಡುವ ಹೆಸರು. ಆ ಕಥೆಯನ್ನು ತಿಳಿಯದೆ ಹೆಸರನ್ನಷ್ಟೇ ನಂಬಿದವರು, ಮಾರುವವರಾಗಲಿ, ಕೊಳ್ಳುವವರಾಗಲಿ, ಪಾಲು ಬಿಟ್ಟು ಹೋಗುವವರಾಗಲಿ, ತಮ್ಮದಲ್ಲದ್ದನ್ನು ತಮ್ಮದೆಂದೋ ತಮ್ಮದನ್ನು ತಮ್ಮದಲ್ಲವೆಂದೋ ಬಗೆಯುವ ಅಪಾಯದಲ್ಲಿರುತ್ತಾರೆ.